ಬಂಡಗೇರಾದ ಜೋಳ

ಕಾಳು ಯಾವ ನೆಲದಲ್ಲಿ ಬೆಳೆಯಿತೆಂದು ಕಾಳಿನಿಂದಲೇ ಕಂಡುಹಿಡಿಯುವ ಯಂತ್ರವನ್ನು ಗೇಟಿಗೆ ತಂದು ಕೂಡಿಸಿದ ಮೇಲೆ, ಬಂಡಗೇರಾದಿಂದ ಅದರ ಮುಂದೆ ಮೊದಲು ಹೋಗಿ ನಿಂತವನು ಬಂಡೆಪ್ಪ. ಒಂಬತ್ತು ಚೀಲ ಬಿಳಿಜೋಳವನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಬೆಳಿಗ್ಗೆ ಪೇಟೆಗೆ ಹೊರಟಿದ್ದ. ಮಧ್ಯಾಹ್ನದ ರೊಟ್ಟಿಗೆ ಬರುತ್ತೇನೆಂದು ಹೇಳಿ ಹೋದವನು ಇಪ್ಪತ್ತೆರಡು ದಿನವಾದರೂ ಬರಲಿಲ್ಲ.

ಗೇಟು ಇದ್ದದ್ದು ರಾಜ್ಯದ ಗಡಿಯ ಮೇಲಲ್ಲ. ಆ ಗಡಿ ಹೊಲಗಳ ಬದುವಿನ ಮೇಲೆ, ಹಳ್ಳದ ನಡುವೆ, ಒಂದು ಕಡೆಯಂತೂ ಒಂದೇ ಮನೆಯ ಅಡುಗೆಕೋಣೆಗೂ ದನದ ಕೊಟ್ಟಿಗೆಗೂ ನಡುವೆ ಹಾದುಹೋಗಿತ್ತು. ಅಲ್ಲೆಲ್ಲ ಕಾವಲು ಹಾಕುವುದು ಆಗದ ಮಾತೆಂದು, ಆರು ಕಿಲೋಮೀಟರ್ ಒಳಗೆ, ಮೂರು ದಾರಿ ಕೂಡುವಲ್ಲಿ ಗೇಟು ನಿಲ್ಲಿಸಿದ್ದರು. ಹೀಗಾಗಿ ಬಂಡಗೇರಾ ರಾಜ್ಯದ ಒಳಗಿದ್ದೂ ಗೇಟಿನ ಹೊರಗೆ ಉಳಿಯಿತು. ಪೇಟೆ, ದವಾಖಾನೆ, ಕಚೇರಿ ಎಲ್ಲವೂ ಗೇಟಿನ ಆಚೆ.

ಉತ್ತರದ ಸೀಮೆಯಲ್ಲಿ ಎರಡು ವರ್ಷ ಒಂದರ ಹಿಂದೊಂದು ಗೋಧಿ ಬಿಸಿಲಿಗೆ ಕಾಳು ಕಟ್ಟದೆ ಹೋದಾಗ ಇದೆಲ್ಲ ಶುರುವಾದದ್ದು. ಅಲ್ಲಿಯವರೆಗೆ ಬಡವರ ರೊಟ್ಟಿಗೆಂದು ಇದ್ದ ಜೋಳವನ್ನು ದೇಶವೆಲ್ಲ ಹುಡುಕತೊಡಗಿತು. ಒಂದೊಂದೇ ರಾಜ್ಯ ತನ್ನ ಕಾಳಿಗೆ ಬಾಗಿಲು ಹಾಕಿಕೊಂಡಿತು. ತಮ್ಮದು ಹೊರಗೆ ಹೋಗಬಾರದು, ಹೊರಗಿನದು ಸುಂಕವಿಲ್ಲದೆ ಒಳಗೆ ಬರಬಾರದು ಎಂದು ಕಾಯ್ದೆಯಾಯಿತು. ಆದರೆ ಜೋಳ ಜೋಳದಂತೆಯೇ ಕಾಣುತ್ತದೆ. ಯಾವುದು ಯಾರದೆಂದು ಹೇಳುವವರು ಯಾರು?

ಅದನ್ನು ಹೇಳುತ್ತೇವೆಂದು ಮುಂದೆ ಬಂದದ್ದು ವಿಶ್ವವಿದ್ಯಾಲಯದ ಆಹಾರ, ಗಡಿ ಮತ್ತು ವ್ಯಾಪಾರ ಅಧ್ಯಯನ ಕೇಂದ್ರ. ಮಣ್ಣಿನ ವಿಭಾಗ, ಗಡಿರಕ್ಷಣೆಯ ವಿಭಾಗ, ವ್ಯಾಪಾರಶಾಸ್ತ್ರದ ವಿಭಾಗ ಮೂರೂ ಸೇರಿ ನಡೆಸುವ ಕೇಂದ್ರ. ಅದರ ಮುಖ್ಯಸ್ಥರು ಮಣ್ಣಿನ ಪ್ರೊಫೆಸರ್ ಹುಣಸಗಿ. ಪ್ರತಿ ನೆಲದ ಕೆಳಗಿನ ಕಲ್ಲಿನಲ್ಲಿ ಸ್ಟ್ರಾನ್ಷಿಯಂ ಎಂಬ ಧಾತು ಇರುತ್ತದೆ. ಅದರಲ್ಲಿ ಹಗುರದ್ದೊಂದು ಬಗೆ, ಭಾರದ್ದೊಂದು ಬಗೆ. ಸುಣ್ಣದ ಕಲ್ಲಿನ ನೆಲದಲ್ಲಿ ಇವೆರಡರ ಪಾಲು ಒಂದು ರೀತಿ, ಎರೆ ಎಂಬ ಕಪ್ಪು ಮಣ್ಣಿನ ಕೆಳಗಿನ ಕರಿಕಲ್ಲಿನಲ್ಲಿ ಇನ್ನೊಂದು ರೀತಿ. ಬೇರು ನೀರಿನೊಡನೆ ಅದನ್ನು ಎಳೆದುಕೊಂಡು ಕಾಳಿನಲ್ಲಿ ಇಡುತ್ತದೆ. ಬೀಜ ಎಲ್ಲಿಂದ ತಂದರೂ, ಗೊಬ್ಬರ ಯಾವುದು ಹಾಕಿದರೂ ಆ ಪಾಲು ಬದಲಾಗದು. ಹುಣಸಗಿಯವರ ಯಂತ್ರ ಹೊಲಿಗೆ ಯಂತ್ರದಷ್ಟು ದೊಡ್ಡದು. ಹತ್ತು ಕಾಳು ಹಾಕಿದರೆ ಸುಟ್ಟು ಆವಿ ಮಾಡಿ, ಆ ಪಾಲನ್ನು ಅಳೆದು, ಊರೂರಿನಿಂದ ಮೊದಲೇ ತಂದಿಟ್ಟ ಮಾದರಿಗಳ ಜೊತೆ ಹೋಲಿಸಿ, ಹೇಳಿದ ಊರಿಗೆ ಹೊಂದಿದರೆ ಹಸಿರು ದೀಪ, ಹೊಂದದಿದ್ದರೆ ಕೆಂಪು ದೀಪ ಹೊತ್ತಿಸುತ್ತಿತ್ತು. ಕಾಗದದ ಮೇಲೆ ಅದರ ಹೆಸರು ನೆಲಗುರುತು. ಹಳ್ಳಿಯವರು ಸುಡೋ ಮಷಿನ್ ಎನ್ನುತ್ತಿದ್ದರು.

ನಾಲ್ಕು ಸಾವಿರ ಊರುಗಳ ಮಾದರಿ ಕೂಡಿಸಿದವರಲ್ಲಿ ಮಹಾನಂದಾ ಒಬ್ಬಳು. ಅದೇ ಸೀಮೆಯವಳು, ಮಣ್ಣಿನ ವಿಭಾಗದಲ್ಲಿ ಓದಿ ಅಲ್ಲೇ ಕೆಲಸಕ್ಕೆ ನಿಂತವಳು. ಮದುವೆಯಾಗಿತ್ತು, ಗಂಡ ಬೇರೆ ಊರಿನಲ್ಲಿ ಮಾಸ್ತರನಾಗಿದ್ದುದರಿಂದ ತಾಯಿಯೊಡನೆ ವಿಶ್ವವಿದ್ಯಾಲಯದ ಕ್ವಾರ್ಟರ್ಸಿನಲ್ಲಿದ್ದಳು. ಊರಿಗೆ ಮೂರು ಮನೆ, ಮನೆಗೆ ಅರ್ಧ ಕಿಲೋ, ಅವರದೇ ಹೊಲದ್ದು ಎಂಬುದು ನಿಯಮ. ಎರಡು ವರ್ಷದ ಹಿಂದೆ ಬಂಡಗೇರಾದಿಂದ ಅವಳು ತಂದ ಮೂರು ಮಾದರಿಗಳು ಒಂದಕ್ಕೊಂದು ಎಷ್ಟು ಹೊಂದಿದ್ದವೆಂದರೆ, ಇಡೀ ಸಂಗ್ರಹದಲ್ಲಿ ಇಷ್ಟು ಶುದ್ಧವಾದ ಊರು ಇನ್ನೊಂದಿಲ್ಲವೆಂದು ಹುಣಸಗಿಯವರು ಸಭೆಯಲ್ಲಿ ಹೊಗಳಿದ್ದರು. ದೇಶವಿದೇಶದಿಂದ ಬಂದವರಿಗೆ ತೋರಿಸುವ ನಕ್ಷೆಯಲ್ಲಿ ಬಂಡಗೇರಾದ ಚುಕ್ಕೆ ಸ್ವಲ್ಪ ದೊಡ್ಡದಾಗಿಯೇ ಇತ್ತು.

ಆ ಊರಿನ ಜೋಳವನ್ನೇ ಯಂತ್ರ ಆ ಊರಿನದಲ್ಲವೆಂದು ಹೇಳಿತು, ಅಂದರೆ ಆಚೆಯ ರಾಜ್ಯದ್ದು. ಬಂಡೆಪ್ಪನ ಒಂಬತ್ತೂ ಚೀಲಕ್ಕೆ ಕೆಂಪು ದೀಪ. ಹೊರಗಿನ ಕಾಳನ್ನು ತನ್ನದೆಂದು ಹೇಳಿ ಸಾಗಿಸಿದನೆಂದು ಕೇಸಾಯಿತು. ಕೇಂದ್ರದ ಅಂತಿಮ ವರದಿ ಬರುವವರೆಗೆ ಜಾಮೀನಿಲ್ಲ, ವರದಿಯೂ ಕೆಂಪೆಂದರೆ ಮೂರು ವರ್ಷ. ವರದಿ ಬರೆಯಬೇಕಾದವಳು ಮಹಾನಂದಾ.

ಅವಳಿನ್ನೂ ಬರೆದಿರಲಿಲ್ಲ. ಅಷ್ಟರಲ್ಲಿ ಒಂದು ದಿನ ಹನ್ನೊಂದು ಗಂಟೆಯ ಸುಮಾರಿಗೆ ಬಂಡೆಪ್ಪನ ತಾಯಿ ನೀಲಗಂಗಮ್ಮ ಎರಡು ಬಸ್ಸು ಬದಲಿಸಿ ಕೇಂದ್ರಕ್ಕೆ ಬಂದಳು. ಗೇಟಿನಲ್ಲಿ ಅವಳ ಬುತ್ತಿಯ ರೊಟ್ಟಿಯನ್ನೂ ಮುರಿದು ನೋಡಿದ್ದರಂತೆ. ಲ್ಯಾಬಿನ ಹೊರಗೆ ಚಪ್ಪಲಿ ಬಿಟ್ಟು, ಕುರ್ಚಿ ಕೊಟ್ಟರೂ ಬೇಡವೆಂದು ಗೋಡೆಗೆ ಒರಗಿ ನೆಲದ ಮೇಲೆ ಕೂತಳು. ಮಹಾನಂದಾಳೂ ಎದುರಿಗೆ ಕೂತಳು. ತಾಯಿ ಹೇಗಿದ್ದಾಳೆ, ಮಕ್ಕಳಾದವೇ ಎಂದು ಮುದುಕಿ ಮೊದಲು ಅವನ್ನೆಲ್ಲ ವಿಚಾರಿಸಿದಳು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದಳು:

"ಯವ್ವ, ಅವತ್ತ ನಿನಗ ಕೊಟ್ಟ ಜ್ವಾಳ ನಮ್ಮ ಹೊಲದ್ದಲ್ಲ."

ಮುದುಕಿ ತಾನಾಗಿಯೇ ಹೇಳುತ್ತ ಹೋದಳು. ಬಂಡಗೇರಾದ್ದು ಫರಸಿ ಕಲ್ಲಿನ, ಅಂದರೆ ಸುಣ್ಣದ ಕಲ್ಲಿನ ಹಾಸಿನ ಮೇಲಿನ ತೆಳ್ಳನೆಯ ಮಣ್ಣು. ಅಲ್ಲಿ ಜೋಳ ಸಣ್ಣದು, ಬಣ್ಣವೂ ಮಂಕು. ಹಿಟ್ಟು ಅಂಟಿ ರೊಟ್ಟಿಗೆ ಜಿಗಿ ಬರುತ್ತದೆ, ಆದರೆ ಮೊರದಲ್ಲಿ ಹಾಕಿ ನಾಲ್ಕು ಜನರ ಮುಂದಿಡುವಂಥದ್ದಲ್ಲ. ಅವಳ ತಮ್ಮ ನರಸಪ್ಪನದು ಗಡಿಯಾಚೆ ಗುಂಡೇಪಲ್ಲಿ, ಅಲ್ಲಿ ಆಳುದ್ದ ಎರೆ. ಪ್ರತಿ ನಾಗರ ಪಂಚಮಿಗೆ ಅಕ್ಕನ ಮನೆಗೆ ಅವನು ಒಂದು ಚೀಲ ಜೋಳ ತರುತ್ತಾನೆ. ತಂದೆ ಇದ್ದಾಗಿನಿಂದ ನಡೆದು ಬಂದದ್ದು. ಮುತ್ತಿನಂಥ ಕಾಳು, ಬೀಗರು ಬಂದಾಗ, ಸ್ವಾಮಿಗಳು ಬಂದಾಗ ಮಾತ್ರ ಅದರ ರೊಟ್ಟಿ. ಯುನಿವರ್ಸಿಟಿಯವರು ಬಂದು ನಿಮ್ಮ ಊರಿನ ಜೋಳ ಕೊಡಿ, ಇದನ್ನು ಜೋಪಾನವಾಗಿ ಕಾದಿಡುತ್ತೇವೆ, ದೊಡ್ಡ ದೊಡ್ಡವರು ನೋಡುತ್ತಾರೆ ಎಂದಾಗ, ಅವಳು ಆ ಚೀಲದ ಬಾಯಿ ಬಿಚ್ಚಿದಳು.

"ಉಳಿದೆರಡು ಮನಿಯವ್ರು?" ಎಂದಳು ಮಹಾನಂದಾ.

"ಅವ್ರೂ ಹಿತ್ತಲ ಬಾಗಿಲಿಂದ ಬಂದು ನನ್ನ ಕಡಿನೇ ಇಸ್ಕೊಂಡು ಹೋದ್ರು. ನೀ ಅಂಗಳದಾಗ ಚಾ ಕುಡೀಲಿಕ್ಕ ಕೂತಿದ್ದಿ. ಊರ ಮರ್ಯಾದಿ ಅಲ್ಲೇನವ್ವ? ಸಣ್ಣ ಕಾಳು ಹ್ಯಾಂಗ ಕೊಡಬೇಕು?"

ಮೂರು ಮಾದರಿ ಒಂದಕ್ಕೊಂದು ಯಾಕೆ ಅಷ್ಟು ಹೊಂದಿದವೆಂದು ಮಹಾನಂದಾಳಿಗೆ ಆಗ ತಿಳಿಯಿತು. ಮೂರೂ ಒಂದೇ ಚೀಲದವು.

ಆ ದಿನವನ್ನು ಅವಳು ನೆನಪಿಗೆ ತಂದುಕೊಂಡಳು. ಫರಸಿ ಹಾಸಿದ ಅಂಗಳ, ಹಿಂಡಿಪಲ್ಯ, ಕಟಕಲು ರೊಟ್ಟಿ. ಹೊಲಕ್ಕೆ ಹೋಗಿ ಮಣ್ಣು ನೋಡಬೇಕೆಂದು ಅವಳು ಎದ್ದಾಗ, ಬಿಸಿಲು ಭಾಳ ಅದ, ಉಂಡು ಹೋಗು ಎಂದು ಕೂಡಿಸಿದ್ದರು. ಉಂಡ ಮೇಲೆ ಹೊತ್ತಾಗಿತ್ತು, ಇನ್ನೂ ಎರಡು ಊರು ಬಾಕಿ ಇದ್ದವು. ಹೊಲಕ್ಕೆ ಹೋಗಲಿಲ್ಲ. ಹೋಗಿದ್ದರೆ ಕಾಲ ಕೆಳಗಿನ ಕಲ್ಲೇ ಹೇಳುತ್ತಿತ್ತು. ಫಾರ್ಮಿನಲ್ಲಿ ಹೊಲ ನೋಡಿದ ಕಾಲಮ್ಮಿಗೆ ಅವಳೇ ಟಿಕ್ ಹಾಕಿದ್ದಳು.

ಹೊರಡುವಾಗ ನೀಲಗಂಗಮ್ಮ ಅವಳನ್ನು ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದ್ದಳು. ಭತ್ತ ಬೆಳೆಯದ ಊರು. ಅಲ್ಲಿ ಉಡಿಗೂ ಜೋಳವೇ. ಕುಂಕುಮ ಹಚ್ಚಿ, ಐದು ಬೊಗಸೆ ಜೋಳ, ಒಂದು ಕೊಬ್ಬರಿ ಬಟ್ಟಲು, ಎರಡು ಅಡಿಕೆ.

"ಯವ್ವ, ಆ ಉಡಿಗಿ ಹಾಕಿದ್ದು ಯಾವ ಜ್ವಾಳ?" ಎಂದು ಮಹಾನಂದಾ ಕೇಳಿದಳು.

ಮುದುಕಿಗೆ ಆ ಪ್ರಶ್ನೆಯೇ ಸರಿ ಬರಲಿಲ್ಲ. "ಉಡಿಗಿ ಮಂದಿ ಜ್ವಾಳ ಹಾಕ್ತಾರೇನು? ಅದು ನಮ್ಮ ಹೊಲದ್ದೇ. ಮಗಳಂತ ತುಂಬೀನಿ."

ಪರರಿಗೆ ತೋರಿಸಲು ತಮ್ಮನದು, ಮಗಳಿಗೆ ತನ್ನದು. ಅಷ್ಟು ಹೇಳಿ ನೀಲಗಂಗಮ್ಮ ನಾಲ್ಕರ ಬಸ್ಸಿಗೆ ಹೊರಟಳು. ಹೋಗುವಾಗ, ಅದನ್ನು ಉಂಡಿಯಲ್ಲ, ಜಿಗಿ ಇತ್ತಿಲ್ಲೋ ಎಂದು ಕೇಳಿದಳು. ಉಡಿಯ ಕಾಳನ್ನು ಬೇರೆಯವರಿಗೆ ಕೊಡುವಂತಿಲ್ಲ, ತುಂಬಿಸಿಕೊಂಡವಳೇ ಅಡುಗೆ ಮಾಡಿ ಉಣ್ಣಬೇಕು. ಮಹಾನಂದಾ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬಿಟ್ಟು ಬಂದಳು.

ಅವಳು ಉಂಡಿರಲಿಲ್ಲ. ಮನೆಯ ಗೋಡೆಯ ಮಾಡದಲ್ಲಿ ಬೇವಿನೆಲೆ ಹಾಕಿಟ್ಟ ಡಬ್ಬಿಯಲ್ಲಿ ಆ ಜೋಳ ಹಾಗೇ ಇತ್ತು. ಅವಳು ಡಬ್ಬಿ ಇಳಿಸಿದ್ದನ್ನು ಕಂಡು, ಇಷ್ಟು ದಿನಕ್ಕೆ ನೆನಪಾಯಿತೇ, ಒಂದು ಹಿಡಿ ನುಚ್ಚಾದರೂ ಮಾಡುತ್ತೇನೆ ಎಂದು ತಾಯಿ ಎದ್ದಳು. ಲ್ಯಾಬಿಗೆ ಬೇಕು ಎಂದಾಗ ತಾಯಿಯ ಮುಖ ಸಣ್ಣದಾಯಿತು.

"ಉಡಿ ಜ್ವಾಳ ಸುಡ್ತಿ?"

ಮಹಾನಂದಾ ಎಲ್ಲವನ್ನೂ ಹೇಳಿದಳು. ತಾಯಿ ಡಬ್ಬಿಯ ಮುಚ್ಚಳವನ್ನು ತಿರುವುತ್ತ ಕೇಳಿ, ನಮ್ಮ ಮನೆಗೆ ಬಂದಿದ್ದರೆ ತಾನೂ ಅದನ್ನೇ ಮಾಡುತ್ತಿದ್ದೆನೆಂದಳು. ಬಂದವರಿಗೆ ಕೆಟ್ಟದ್ದು ಯಾರು ಕೊಡುತ್ತಾರೆ? ನಿಮ್ಮ ಹುಣಸಗಿ ಸಾಹೇಬರ ಮನೆಯಲ್ಲಿ ಕೊಡುತ್ತಾರೇನು?

ಮರುದಿನ ಮಹಾನಂದಾ ಉಡಿಯ ಹತ್ತು ಕಾಳು ಎಣಿಸಿ ಯಂತ್ರಕ್ಕೆ ಹಾಕಿದಳು. ಕಾಳು ಚಟ್ ಎಂದು ಸಿಡಿದು, ಹುರಿದ ಜೋಳದ ವಾಸನೆ ಒಂದು ಕ್ಷಣ ಲ್ಯಾಬಿನಲ್ಲಿ ನಿಂತಿತು. ಬಂದ ಅಂಕಿ ಬಂಡೆಪ್ಪನ ಚೀಲದ ಅಂಕಿಗೆ ನಾಲ್ಕನೆಯ ದಶಾಂಶದವರೆಗೆ ಸರಿಹೊಂದಿತು. ಮೂರು ಸಲ ಹಾಕಿದಳು, ಮೂರು ಸಲವೂ ಅದೇ. ಯಂತ್ರದ್ದು ಏನೂ ತಪ್ಪಿರಲಿಲ್ಲ. ಸುಣ್ಣದ ಕಲ್ಲನ್ನು ಸುಣ್ಣದ ಕಲ್ಲೆಂದೇ ಹೇಳಿತ್ತು. ಅದಕ್ಕೆ ಬಂಡಗೇರಾ ಎಂದು ಕಲಿಸಿದ್ದೇ ಗುಂಡೇಪಲ್ಲಿಯನ್ನು.

ಇದನ್ನೆಲ್ಲ ಬರೆದ ಅವಳ ಕಾಗದವನ್ನು ಹುಣಸಗಿಯವರು ಎರಡು ಸಲ ಓದಿದರು. ಕೆಟ್ಟ ಮನುಷ್ಯರಲ್ಲ. ತಮ್ಮ ಯಂತ್ರದ ಮೊದಲ ಮಾದರಿಯನ್ನು ಸ್ವಂತ ಮನೆಯ ಮಾಳಿಗೆಯಲ್ಲಿ ಕಟ್ಟಿದವರು. ಬಾಗಿಲು ಮುಚ್ಚಿ ಬಂದು ಕೂತು ಕೇಳಿದರು:

"ನೋಡಮ್ಮ, ಆ ಅಜ್ಜಿ ಒಬ್ಬಳೇ ಹೀಗೆ ಮಾಡಿರ್ತಾಳಾ?"

ಅವಳು ಬಾಯಿ ತೆರೆಯುವ ಮೊದಲೇ ಅವರೇ ಲೆಕ್ಕ ಹಾಕಿದರು.

"ನಾಲ್ಕು ಸಾವಿರ ಊರು. ಹನ್ನೆರಡು ಸಾವಿರ ಮನೆ. ಎಲ್ಲ ಕಡೆ ನಾವು ಅತಿಥಿಗಳಾಗಿ ಹೋದ್ವಿ, ಎಲ್ಲ ಕಡೆ ಉಂಡು ಬಂದ್ವಿ." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈ ಒಂದು ಕಾಗದ ಕೋರ್ಟಿಗೆ ಹೋದರೆ ನನ್ನ ನಕ್ಷೆ ಜೋಳದ ನಕ್ಷೆ ಆಗಿ ಉಳಿಯೋದಿಲ್ಲ. ಯಾರ ಅಕ್ಕನನ್ನ ಯಾವ ಊರಿಗೆ ಕೊಟ್ಟಿದಾರೆ ಅನ್ನೋ ನಕ್ಷೆ ಆಗುತ್ತೆ."

ಮೂರು ವಿಭಾಗದವರು ಸಭೆ ಸೇರಿದರು. ಗಡಿರಕ್ಷಣೆಯ ವಿಭಾಗದವರು ಪೊಲೀಸು ಇಲಾಖೆಯಿಂದ ನಿವೃತ್ತರಾಗಿ ಬಂದವರು. ಯಂತ್ರದ ಮಾತು ಸುಳ್ಳಾಗಬಹುದೆಂದು ಒಮ್ಮೆ ಗೊತ್ತಾದರೆ ರಾಜ್ಯದ ಎಲ್ಲ ಗೇಟುಗಳಲ್ಲಿ ಸಿಕ್ಕಿಬಿದ್ದ ಆರುನೂರು ಕಳ್ಳರೂ ನಾವು ಬಂಡಗೇರಾದವರೇ ಎನ್ನುತ್ತಾರೆಂದರು. ಅವರಲ್ಲಿ ಎಷ್ಟು ಜನ ನಿಜವಾಗಿ ಬಂಡಗೇರಾದವರಂಥವರೇ ಇರಬಹುದೆಂದು ಮಹಾನಂದಾ ಕೇಳಿದ್ದಕ್ಕೆ, ಅದು ಈ ಸಭೆಯ ವಿಷಯವಲ್ಲವೆಂದು ಉತ್ತರ ಬಂತು. ವ್ಯಾಪಾರಶಾಸ್ತ್ರದವರು ಉಡಿ ತುಂಬುವುದೆಂದರೇನೆಂದು ಆಸಕ್ತಿಯಿಂದ ಕೇಳಿ ತಿಳಿದುಕೊಂಡು, ಇದರ ಮೇಲೆ ಒಂದು ಒಳ್ಳೆಯ ಪ್ರಬಂಧವಾಗುತ್ತದೆಂದರು. ದಾರಿ ತೋರಿಸಿದವರೂ ಅವರೇ. ಹಸಿರು, ಕೆಂಪು ಎರಡೇ ಯಾಕಿರಬೇಕು? ಮೂರನೆಯದೊಂದು ಮಾಡೋಣ: ಗುರುತು ನಿಗದಿಯಾಗದ ನೆಲ.

ಹಾಗೆಂದು ಬರೆದರೆ ಬಂಡೆಪ್ಪನ ಮೇಲಿನ ಆರೋಪ ನಿಲ್ಲುವುದಿಲ್ಲ, ಮನೆಗೆ ಹೋಗುತ್ತಾನೆ. ಯಂತ್ರದ ಮೇಲೂ ಮಾತು ಬರುವುದಿಲ್ಲ. ಬದಲಿಗೆ, ಮುದುಕಿಯ ಹೇಳಿಕೆಯೂ ಉಡಿಯ ಜೋಳದ ಅಂಕಿಯೂ ಎಲ್ಲೂ ದಾಖಲಾಗಬಾರದು. ಮುಂದಿನ ಸುಗ್ಗಿಯಲ್ಲಿ ಬಂಡಗೇರಾದ ಮಾದರಿಯನ್ನು ಹೊಸದಾಗಿ ತೆಗೆದಿಡುವುದು, ನಾಲ್ಕು ವರ್ಷದ ನಂತರ ಇಡೀ ಸಂಗ್ರಹ ಪರಿಷ್ಕರಣೆಯಾಗುವಾಗ ಅದನ್ನು ಸೇರಿಸುವುದು. ಅಲ್ಲಿಯವರೆಗೆ ಆ ನೆಲದ ಕಾಳನ್ನು ಆ ನೆಲದವರು ಉಣ್ಣಬಹುದು, ಗೇಟು ದಾಟಿಸುವಂತಿಲ್ಲ.

ಮಹಾನಂದಾ ಒಂದು ದಿನ ಸಮಯ ಕೇಳಿದಳು. ಕೊಟ್ಟರು. ಸಹಿ ಹಾಕದಿದ್ದರೆ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯುತ್ತದೆ, ಅಷ್ಟು ದಿನವೂ ಬಂಡೆಪ್ಪ ಒಳಗೇ. ಹಾಕಿದರೆ ಅವನೊಬ್ಬ ಹೊರಗೆ, ಊರು ಒಳಗೆ. ಮರುದಿನ ಸಹಿ ಹಾಕಿದಳು.

ಬಂಡೆಪ್ಪ ಬಿಡುಗಡೆಯಾದ. ಅವನ ಚೀಲಗಳನ್ನು ಗೇಟಿನ ಬಯಲಿನಲ್ಲೇ ಇಟ್ಟಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಬಿದ್ದ ಮಳೆಗೆ ನೆನೆದು, ಗೋಣಿಯ ಸಂದಿಯಿಂದ ಬಿಳಿ ಮೊಳಕೆ ಬಂದಿದ್ದವು. ಸಹಿ ಮಾಡಿಸಿಕೊಂಡು ಅವನ್ನೇ ಕೊಟ್ಟು ಕಳಿಸಿದರು. ಆ ವರ್ಷ ಬಂಡಗೇರಾದಲ್ಲಿ ಪೇಟೆಗೆ ಹೋಗದ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿದರು. ಹಗೇವು ತುಂಬಿದ ಮೇಲೆ ಉಳಿದದ್ದನ್ನು ದನಕ್ಕೆ ಹಾಕಿದರು. ಗೇಟಿನ ಆಚೆ ಅರವತ್ತು ಕಿಲೋಮೀಟರಿನಲ್ಲಿದ್ದ ಶಹರದಲ್ಲಿ ರೇಷನ್ ಜೋಳಕ್ಕೆ ಬೆಳಗಿನಿಂದ ಸಾಲು ನಿಲ್ಲುತ್ತಿತ್ತು.

ಮುಂದಿನ ಸುಗ್ಗಿಗೆ ಮಹಾನಂದಾ ಮಾದರಿ ತೆಗೆಯಲು ಹೋದಳು. ಈ ಸಲ ಜೊತೆಗೆ ಇಬ್ಬರು ಪೇದೆಗಳು, ಸೀಲು, ಅರಗು, ಕ್ಯಾಮೆರಾ. ಮೊದಲು ಹೊಲಕ್ಕೆ ನಡೆದಳು. ಬೂಟಿನಡಿ ಫರಸಿ ಕಲ್ಲು ಟಣ್ ಟಣ್ ಎಂದಿತು. ನಿಂತ ದಂಟಿನಿಂದಲೇ ತೆನೆ ಮುರಿಸಿದಳು. ಊರಿನವರು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟರು. ಯಾರೂ ಚಹಾಕ್ಕೆ ಕರೆಯಲಿಲ್ಲ. ಒಬ್ಬಾತ ತನ್ನ ತೆನೆಯಲ್ಲಿ ಕೀಡೆ ತಿಂದದ್ದನ್ನೇ ಆರಿಸಿ, ಇದೂ ಬರೆದುಕೊಳ್ಳಿ, ಇದೂ ನಮ್ಮದೇ ಎಂದು ಡಬ್ಬಿಗೆ ಹಾಕಿದ. ಬಂಡೆಪ್ಪ ತೆನೆ ಕೊಟ್ಟು, ಎಲ್ಲಿ ಸಹಿ ಮಾಡಬೇಕೆಂದು ತಾನಾಗಿಯೇ ಕೇಳಿ ಮಾಡಿ, ಕುಡುಗೋಲು ಹಿಡಿದು ಹೊರಟುಹೋದ. ಒಳಗಿದ್ದು ಬಂದ ಮೇಲೆ ಅವನ ಮಾತು ಕಡಿಮೆಯಾಗಿತ್ತು.

ನೀಲಗಂಗಮ್ಮ ಮನೆಯಲ್ಲಿದ್ದಳು. ಅವಳ ಗಂಡ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ, ತಲೆ ಎತ್ತಲಿಲ್ಲ. ಪೇದೆಗಳನ್ನು ಹೊರಗೆ ನಿಲ್ಲಿಸಿ ಮಹಾನಂದಾ ಒಬ್ಬಳೇ ಒಳಗೆ ಹೋದಳು. ಪಂಚಮಿಗೆ ತಮ್ಮ ಬಂದಿದ್ದನೇ ಎಂದು ಕೇಳಿದಳು, ಬೇರೆ ಏನು ಕೇಳಬೇಕೆಂದು ತಿಳಿಯದೆ.

"ಬಂದಿದ್ದ. ಅವರ ಕಡಿನೂ ಗೇಟ್ ಆಗ್ಯಾದಂತ. ಕೈ ಬೀಸ್ಕೋತ ಬಂದ, ನಾಚಿಕಿ ಬಂದು ಉಣ್ಣಲಾರದೇ ಹೋದ." ಮುದುಕಿ ಮೊರದಲ್ಲಿದ್ದ ಜೋಳವನ್ನು ಕೇರುತ್ತಲೇ ಇದ್ದಳು. ಸಣ್ಣ ಕಾಳು, ಮಂಕು ಬಣ್ಣ. ಅದರಿಂದ ಹೊಟ್ಟು ಆರಿಸುತ್ತ ಕೇಳಿದಳು, "ಆ ಉಡಿ ಮಷಿನಿನಾಗ ಹಾಕಿದ್ದಿ ಅಂತಲ್ಲ, ಗೇಟಿನವ್ರು ಮಾತಾಡೋದು ಕೇಳಿ ಬಂಡೆಪ್ಪ ಹೇಳ್ದ."

"ಹತ್ತು ಹತ್ತು ಕಾಳು ಮೂರು ಸಲ ಹಾಕೀನಿ, ಯವ್ವ. ಉಳಿದದ್ದು ಕೇಂದ್ರದವ್ರು ತಗೊಂಡ್ರು."

"ಅಂದ್ರ ಉಣ್ಣಲಿಲ್ಲ."

"ಇಲ್ಲ."

ಮುದುಕಿ ಎದ್ದಳು. ಒಳಗಿನಿಂದ ಮಣೆ ತಂದು ಇಟ್ಟಳು. ಮಹಾನಂದಾಳಿಗೆ ಕೂಡುವುದೋ ಬೇಡವೋ ತಿಳಿಯಲಿಲ್ಲ. ಕೂತಳು. ಹಣೆಗೆ ಕುಂಕುಮ ಬಂತು. ಕೊಬ್ಬರಿ ಇರಲಿಲ್ಲ, ಅಡಿಕೆ ಇರಲಿಲ್ಲ. ಮೊರದಲ್ಲಿದ್ದದ್ದನ್ನೇ ಐದು ಬೊಗಸೆ ಎತ್ತಿ ಅವಳ ಸೆರಗಿಗೆ ಹಾಕಿದಳು.

"ಮಗನ್ನ ಬಿಡಿಸಿ ತಂದಿ, ಖಾಲಿ ಉಡಿಲೆ ಹ್ಯಾಂಗ ಕಳಸಲಿ. ಈ ಸಲ ಉಣ್ಣು." ಎಂದಷ್ಟೇ ಹೇಳಿ ಮತ್ತೆ ಮೊರದ ಮುಂದೆ ಕೂತಳು. ಮಾತಿನಲ್ಲಿ ಪ್ರೀತಿ ಇತ್ತೆಂದು ಮಹಾನಂದಾಳಿಗೆ ಅನ್ನಿಸಲಿಲ್ಲ.

ಗೇಟಿನಲ್ಲಿ ಕೇಂದ್ರದ ಜೀಪನ್ನೂ ನಿಲ್ಲಿಸಿದರು. ಕಾವಲಿನವನು ದಕ್ಷಿಣದ ಕಡೆಯವನು, ಮರ್ಯಾದಸ್ಥ. ಡಬ್ಬಿಗಳ ಸೀಲು ನೋಡಿ, ಪಟ್ಟಿ ನೋಡಿ, ಸರಿ ಎಂದ. ಆಮೇಲೆ ಅವಳ ಸೆರಗಿನ ಗಂಟು ನೋಡಿದ. ಉಡಿ ಎಂದು ಅವಳು ಹೇಳಿದಳು. ಅವನಿಗೂ ಗೊತ್ತಿತ್ತು, ಅವರ ಕಡೆ ಮಡಿಲಕ್ಕಿ ಅನ್ನುತ್ತಾರಂತೆ. ಆದರೂ ಹತ್ತು ಕಾಳು ತೆಗೆದು ಯಂತ್ರಕ್ಕೆ ಹಾಕಿದ. ಹೊಸದಾಗಿ ಕೂಡಿಸಿದ ಮೂರನೆಯ ದೀಪ, ಹಳದಿಯದು, ಹೊತ್ತಿಕೊಂಡಿತು.

"ಮೇಡಂ, ಸೀಲಿರೋದು ಹೋಗಬಹುದು. ಇದಕ್ಕೆ ಸೀಲಿಲ್ಲ. ನೀವೇ ಮಾಡಿರೋ ನಿಯಮ."

ಅವಳು ವಾದ ಮಾಡಲಿಲ್ಲ. ಇಲ್ಲೇ ತಿಂದರೆ ಎಂದು ಕೇಳಿದಳು. ಅವನು ಸ್ವಲ್ಪ ಯೋಚಿಸಿ, ತಿನ್ನುವುದಕ್ಕೆ ಅಡ್ಡಿ ಇಲ್ಲ, ದಾಟಿಸಬಾರದು ಅಷ್ಟೇ ಎಂದ.

ದಾರಿಯ ಪಕ್ಕದ ಮೈಲಿಗಲ್ಲಿನ ಮೇಲೆ ಕೂತು ಮಹಾನಂದಾ ಸೆರಗು ಬಿಚ್ಚಿದಳು. ಒಂದು ಹಿಡಿ ಬಾಯಿಗೆ ಹಾಕಿಕೊಂಡಳು. ಒಣಗಿದ ಜೋಳ, ಹಲ್ಲಿಗೆ ಕಲ್ಲಿನಂತೆ ಸಿಕ್ಕಿತು. ಬಹಳ ಹೊತ್ತು ಅಗಿದ ಮೇಲೆ ಹಿಟ್ಟಾಗಿ, ಸ್ವಲ್ಪ ಸಿಹಿಯಾಗಿ, ನಾಲಿಗೆಗೆ ಅಂಟಿಕೊಂಡಿತು. ಜಿಗಿ ಇತ್ತು. ಎರಡನೆಯ ಹಿಡಿಗೆ ದವಡೆ ನೋಯತೊಡಗಿತು. ಮೂರನೆಯದು ಗಂಟಲಲ್ಲಿ ಇಳಿಯಲಿಲ್ಲ. ಜೀಪಿನ ಡ್ರೈವರ್ ನೀರಿನ ಬಾಟಲಿ ತಂದುಕೊಟ್ಟು ದೂರ ಹೋಗಿ ನಿಂತ. ಹಿಂದೆ ನಾಲ್ಕು ಗಾಡಿ ಕಾಯುತ್ತಿದ್ದವು.

ಕೊನೆಗೆ ಕಾವಲಿನವನು ವಶಪಡಿಸಿಕೊಂಡ ಕಾಳಿನ ಗೋಣಿಯನ್ನು ತಂದು, ಅದರ ಬಾಯಿಯನ್ನು ಎರಡೂ ಕೈಯಿಂದ ಅಗಲ ಮಾಡಿ ಅವಳ ಮುಂದೆ ಹಿಡಿದ. ಮಹಾನಂದಾ ಎದ್ದು ನಿಂತು, ಉಳಿದ ನಾಲ್ಕು ಬೊಗಸೆಯಷ್ಟನ್ನು ಸೆರಗಿನಿಂದ ಅದರೊಳಗೆ ಸುರಿದಳು. ಸೆರಗಿನ ನೂಲಿಗೆ ಸಿಕ್ಕಿಕೊಂಡ ಒಂದೆರಡು ಕಾಳನ್ನು ಅವನೇ ಬಗ್ಗಿ ಆರಿಸಿ, ಗೋಣಿಗೆ ಹಾಕಿಕೊಂಡ.